ಇಪ್ಪತ್ತು ನಿಮಿಷದ ಉಬ್ಬರ

ಇಪ್ಪತ್ತೆರಡು ವರ್ಷ ಕಾರವಾರದ ಮಾರ್ಕೆಟ್ಟಿನಲ್ಲಿ
ಸತ್ತ ಮೀನಿನ ಕಿವಿರೆತ್ತಿ ತೋರಿಸಿದ ಕೈ ಇದು.
ಕೆಂಪಿದ್ದರೆ ಇವತ್ತಿನದು, ಕಂದಿದ್ದರೆ ನಿನ್ನೆಯದು,
ಅದಕ್ಕೂ ಆಚೆಯದನ್ನು ಮಂಜುಗಡ್ಡೆಯ ಕೆಳಗೆ ಇಡುತ್ತಿದ್ದೆ,
ಸುಳ್ಳು ಯಾಕೆ ಹೇಳಲಿ.
ಜೀವ ಇರುವ ಮೀನಿನ ಜೊತೆ ಎಂತ ಮಾಡಬೇಕೆಂದು
ಯಾರೂ ಕಲಿಸಿರಲಿಲ್ಲ.

ಮೊಣಕಾಲು ಹೋಯಿತು, ಬುಟ್ಟಿ ಇಳಿಸಿದೆ.
ಕೋಡಿಬಾಗದ ಹಿತ್ತಿಲು, ಬಟ್ಟೆ ಒಣಗಿಸುವಷ್ಟು ಜಾಗ;
ಅಗೆದರೆ ಮರಳು, ಮರಳಡಿ ಉಪ್ಪು.
ಬಸಳೆ ನೆಟ್ಟರೆ ಎಲೆಯಂಚು ಸುಟ್ಟ ಕಾಗದ.
ಅಕ್ಕನ ಮಗ ಉಲ್ಲಾಸ, ನಲ್ಲಿ-ಪೈಪಿನ ಕೆಲಸದವ,
ಒಂದು ಭಾನುವಾರ ಎರಡು ನೀಲಿ ಡ್ರಮ್ಮು ತಂದ:
"ಚಿಕ್ಕಮ್ಮಾ, ಮಣ್ಣೇ ಬೇಡ. ಕೆಳಗೆ ಮೀನು, ಮೇಲೆ ಗಿಡ.
ಮೀನಿನ ಹೊಲಸು ಗಿಡಕ್ಕೆ ಊಟ,
ಗಿಡ ತೊಳೆದ ನೀರು ಮೀನಿಗೆ."
"ಮತ್ತೆ ನನಗೆ?" ಅಂದೆ.
"ನಿನಗೆ ಕರೆಂಟ್ ಬಿಲ್ಲು."

ಡ್ರಮ್ಮಿನೊಳಗೆ ಮಾವಿನ ಉಪ್ಪಿನಕಾಯಿಯ ವಾಸನೆ,
ಮೂರು ಸಲ ತೊಳೆದೆ, ನಾಲ್ಕನೆಯ ಸಲ ಹಸಿವಾಯಿತು.
ಜಲ್ಲಿ ಹೊಳೆಬದಿಯದು. ಮುರುಗಲ ಹುಳಿ ಹನಿಸಿದರೆ
ಬುಸ್ಸೆಂದು ನೊರೆ: ಅರ್ಧ ಕಲ್ಲು, ಅರ್ಧ ಚಿಪ್ಪು.
ಸುಣ್ಣ, ಆಗದು ಎಂದ ಉಲ್ಲಾಸ.
ಎರಡು ದಿನ ಮೊರ ಹಿಡಿದು ಕೂತು ಆರಿಸಿದೆ,
ಅಕ್ಕಿಯ ಕೆಲಸವೇ, ಆದರೆ ತಿರುಗುಮುರುಗು,
ಕಲ್ಲನ್ನು ಉಳಿಸಿಕೊಳ್ಳುವುದು.

ಗಿಡದ ತೊಟ್ಟಿಯಲ್ಲಿ ಗಂಟೆಯ ಹಾಗೆ ಕವುಚಿದ ಕೊಳವೆ.
ನಾಲ್ಕು ದಿನ ಅದು ನೆಗಡಿಯಾದ ಮಗುವಿನ ಮೂಗು.
ಐದನೆಯ ದಿನ ಅರ್ಧ ಇಂಚು ಕೊಯ್ದ;
ನೀರು ಏರಿತು, ನಿಂತಿತು, ಯೋಚಿಸಿತು,
ಗಟಗಟನೆ ಒಮ್ಮೆಲೇ ಇಳಿದುಹೋಯಿತು.
ಒಳಗೆ ಬಲೆ ಹೆಣೆಯುತ್ತಿದ್ದ ಗಂಡ ಸೂಜಿ ಸಮೇತ ಹೊರಗೆ ಬಂದ.
ಮತ್ತೆ ಏರಿತು. ಗಡಿಯಾರ ನೋಡಿದ. ಮತ್ತೆ ಇಳಿಯಿತು.
"ಇಪ್ಪತ್ತು ನಿಮಿಷಕ್ಕೊಂದು ಉಬ್ಬರ," ಅಂದ,
"ನಿನ್ನ ಚಂದ್ರನಿಗೆ ತಲೆ ಕೆಟ್ಟಿದೆ."

ಮೀನು ಎಲ್ಲಿ? ಈಗಲೇ ಅಲ್ಲ, ನೀರು ಹಣ್ಣಾಗಬೇಕಂತೆ.
ಹಲಸು ಹಣ್ಣಾಗುವುದುಂಟು, ಕುರು ಹಣ್ಣಾಗುವುದುಂಟು,
ನೀರಿನದು ಕೇಳಿರಲಿಲ್ಲ.
ಒಂದು ಶೆಟ್ಲಿಯನ್ನು ಬಟ್ಟೆಯಲ್ಲಿ ಕಟ್ಟಿ ಮುಳುಗಿಸಿದ.
ಇಡೀ ಆಯುಷ್ಯ ಕೊಳೆಯದಿರಲಿ ಎಂದು ಕಾದವಳಿಗೆ
ಕೊಳೆಯಲಿ ಎಂದು ಕಾಯುವ ಕೆಲಸ.
ದಿನಾ ಪುಟ್ಟ ಶೀಶೆಯಲ್ಲಿ ಔಷಧ ಹನಿಸುವುದು: ಹಸಿರು,
ಕಡುಹಸಿರು. ಮೂವತ್ತೇಳನೆಯ ಬೆಳಿಗ್ಗೆ
ತೆಳು ಅರಿಶಿನ.

ಗಾಳಿ ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ಬಂದವು
ಮೂವತ್ತು ತಿಲಾಪಿಯಾ ಮರಿ.
ಕೆರೆಮೀನು ಎಂದರೆ ಕೆಸರು ಎಂದು ಮೂಗು ಮುರಿದವಳು,
ಚೀಲವನ್ನು ತೇಲಿಬಿಟ್ಟು, ಒಳಗಿನ ನೀರು ಹೊರಗಿನ ನೀರು
ಒಂದೇ ಬೆಚ್ಚಗಾಗುವವರೆಗೆ ಕುಕ್ಕರಗಾಲಲ್ಲಿ ಕೂತೆ.
ಬೆಳಿಗ್ಗೆ ಮೂರು ಮಗ್ಗುಲಾಗಿ ತೇಲುತ್ತಿದ್ದವು.
ಒಂದನ್ನೆತ್ತಿ, ಅಭ್ಯಾಸ, ಕಿವಿರು ಬಿಡಿಸಿದೆ: ಕೆಂಪು.
ಇವತ್ತಿನದು,
ಎಂದುಬಿಟ್ಟಿತು ಬಾಯಿ,
ಕೇಳುವ ಗಿರಾಕಿ ಇರಲಿಲ್ಲ.

ಮೊದಲ ಗಾಳಿಮಳೆಯ ರಾತ್ರಿ ಕರೆಂಟು ಹೋಯಿತು.
ಪಂಪು ಸುಮ್ಮನಾದದ್ದಕ್ಕೇ ಎಚ್ಚರ;
ಸಮುದ್ರ ನಿಂತರೂ ಹೀಗೇ ಎಚ್ಚರವಾದೀತು.
ನೀರ ಮೇಲೆ ಇಪ್ಪತ್ತೇಳು ಬಾಯಿ, ಪುಟ್ಟ ಪುಟ್ಟ ಸೊನ್ನೆ.
ಚೊಂಬಲ್ಲಿ ಎತ್ತಿ ಎತ್ತಿ ಮೇಲಿಂದ ಸುರಿದೆ,
ನನ್ನ ಕೈ ಸೋತಾಗ ಗಂಡ, ಅವನು ಸೋತಾಗ ನಾನು.
ಗೋಡೆಯಾಚೆ ಫಿಲೋಮಿನಾ ಟಾರ್ಚು ಹಿಡಿದು
"ಮೀನಿಗೂ ಸ್ನಾನವಾ ಮಾರಾಯ್ತಿ?" ಎಂದು ನಕ್ಕು
ಒಳಗೆ ಹೋಗದೆ ಅಲ್ಲೇ ನಿಂತಳು, ಬೆಳಕು ಹಿಡಿದು.
ಕರೆಂಟು ಬಂದದ್ದು ಐದಕ್ಕೆ.

ಬಸಳೆ ಈಗ ಕಿಟಕಿಯ ಸರಳು ಹಿಡಿದಿದೆ.
"ಸಾರಿಗೆ ಎಂತ?"
"ಬಸಳೆ."
"ಶೆಟ್ಲಿ ಹಾಕಿ?"
ಚೀಲ ಕೈಗಿಟ್ಟೆ: ಮಾರ್ಕೆಟ್ಟಿಗೆ ಹೋಗು.
ನನ್ನ ಜಾಗದಲ್ಲಿ ಹೊಸಬಳು ಕೂತಿದ್ದಾಳೆ, ಹುಷಾರು,
ಮಂಜುಗಡ್ಡೆಯ ಕೆಳಗಿನದು ಕೊಟ್ಟರೆ ತರಬೇಡ.